ಬಂದು ಹೋದವರ ಪಟ್ಟಿ

ನಾನು ರತ್ನವ್ವ. ಗಂಗಾನಗರದ ಅರವತ್ತು ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷದಿಂದ ನರ್ಸ್, ಅದರಲ್ಲಿ ಹದಿನೈದು ವರ್ಷ ಇನ್‌ಚಾರ್ಜ್ ಸಿಸ್ಟರ್. ನನ್ನ ಬಾಯಿ ಜೋರು, ಅದು ಗೇಟಿನ ವಾಚ್‌ಮನ್‌ನಿಂದ ಹಿಡಿದು ಮಾಲೀಕರವರೆಗೆ ಎಲ್ಲರಿಗೂ ಗೊತ್ತು. ಊರು ಬಿಟ್ಟು ಇಷ್ಟು ವರ್ಷವಾದರೂ ಸಿಟ್ಟು ಬಂದಾಗ ಮಾತ್ರ ಗದಗಿನ ಮಾತು ತಾನಾಗಿಯೇ ಹೊರಬೀಳುತ್ತದೆ. ಆಗ ನಮ್ಮ ಹುಡುಗಿಯರು "ಸಿಸ್ಟರ್ ಗದಗಿಗೆ ಹೋದ್ರು ಕಣೇ" ಎಂದು ಒಬ್ಬರಿಗೊಬ್ಬರು ಸನ್ನೆ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ. ಈಗ ನಾನು ಹೇಳಹೊರಟಿರುವುದು ನಮ್ಮ ಆಯಾ ಮುನಿವೆಂಕಟಮ್ಮನ ಸಂಗತಿ. ಅದನ್ನು ಹೇಳುವಾಗ ನನ್ನದೊಂದು ದೊಡ್ಡ ತಪ್ಪನ್ನೂ ಹೇಳಬೇಕಾಗುತ್ತದೆ, ಬೇರೆ ದಾರಿ ಇಲ್ಲ.

ಅವಳ ಊರು ರಾಜಾನುಕುಂಟೆಯಿಂದ ಒಳಗೆ ಎರಡು ಮೈಲಿ. ಗಂಡ ಮುನಿಆಂಜಿನಪ್ಪ ಎರಡು ಸೀಮೆಹಸು ಕಟ್ಟಿಕೊಂಡು ಊರ ಡೈರಿಗೆ ಹಾಲು ಹಾಕುತ್ತಾನೆ. ಅವಳು ಓದಿದ್ದು ನಾಲ್ಕನೇ ಕ್ಲಾಸು. ಇಪ್ಪತ್ತೆರಡು ವರ್ಷದ ಕೆಳಗೆ ಅತ್ತೆಯ ಸೊಂಟ ಮುರಿದಾಗ ನೋಡಿಕೊಳ್ಳಲು ನಮ್ಮ ಆಸ್ಪತ್ರೆಗೆ ಬಂದವಳು. ಮೂರನೆಯ ದಿನಕ್ಕೆ ಪಕ್ಕದ ಹಾಸಿಗೆಯ ಮುದುಕಿಗೂ ತಲೆ ಬಾಚುತ್ತಿದ್ದಳು. ಐದನೆಯ ದಿನಕ್ಕೆ ಇಡೀ ವಾರ್ಡು ಅವಳನ್ನೇ ಕೂಗತೊಡಗಿತು. ಹಳೆಯ ಆಯಾಗಳು ಮೂಗು ಮುರಿದರು. ಅತ್ತೆ ಡಿಸ್ಚಾರ್ಜ್ ಆಗಿ ಮನೆಗೆ ಹೋದರು, ಸೊಸೆ ಕೆಲಸಕ್ಕೆ ಉಳಿದಳು. ಈಗಲೂ ಇದ್ದಾಳೆ.

ಅವಳ ಕೆಲಸ ನೋಡಬೇಕು ನೀವು. ಎಂಥ ಭಾರದ ಮನುಷ್ಯನಾದರೂ ಅವಳು ಕಂಕುಳಿಗೆ ಕೈ ಕೊಟ್ಟು "ಉಸ್ರು ಬುಡಿ, ಎದ್ರಿ" ಎಂದರೆ ಸಾಕು, ಆತ ಗಾಲಿಕುರ್ಚಿಯಲ್ಲಿ ಇರುತ್ತಾನೆ. ಡಾಕ್ಟರು ರೌಂಡ್ಸ್‌ಗೆ ಬರುವ ಮೊದಲೇ ಅವಳ ರೌಂಡ್ಸ್ ಮುಗಿದಿರುತ್ತದೆ. "ಮೂರನೇ ಬೆಡ್ಡಿನ ಅಜ್ಜಿ ಮಗ ಬರ್ಲಿಲ್ಲ ಅಂತ ಕೊರಗ್ತಾವ್ಳೆ ಸಾರ್, ಅದ್ಕೇ ಬಿಪಿ. ಸುಮ್ನೆ ಗುಳಿಗೆ ಜಾಸ್ತಿ ಮಾಡ್ಬೇಡಿ" ಎಂದು ನಮ್ಮ ಮೆಡಿಕಲ್ ಸೂಪರಿಂಟೆಂಡೆಂಟ್ ಡಾಕ್ಟರ್ ವಿಶ್ವನಾಥ ಅವರಿಗೇ ಹೇಳಿದವಳು. ಅವರು ನಕ್ಕರು, ಆದರೆ ಗುಳಿಗೆ ಜಾಸ್ತಿ ಮಾಡಲಿಲ್ಲ.

ಡಯಾಲಿಸಿಸ್ ವಾರ್ಡಿನಲ್ಲಂತೂ ಅವಳಿಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡದು. ಮೂತ್ರಪಿಂಡ ಕೆಟ್ಟವರು ಅಲ್ಲಿಗೆ ವಾರಕ್ಕೆ ಮೂರು ದಿನ ಬಂದು ನಾಲ್ಕು ನಾಲ್ಕು ಗಂಟೆ ಯಂತ್ರಕ್ಕೆ ಕೈ ಕೊಟ್ಟು ಮಲಗುತ್ತಾರೆ. ಚುಚ್ಚುವ ಸೂಜಿ ದಪ್ಪ, ಎಷ್ಟು ವರ್ಷ ಚುಚ್ಚಿಸಿಕೊಂಡರೂ ರೂಢಿಯಾಗುವುದಿಲ್ಲ. ಆರ್.ಟಿ. ನಗರದ ಬದರುನ್ನೀಸಾ ಎಂಬ ಟೈಲರಿಂಗ್ ಮೇಡಂ ಒಬ್ಬರಿದ್ದರು, ಅರವತ್ತರ ಆಸುಪಾಸು. ಒಂದು ಕೈಗೆ ಸೂಜಿ ಹಾಕುವಾಗ ಇನ್ನೊಂದು ಕೈಯನ್ನು ವೆಂಕಟಮ್ಮ ಹಿಡಿದಿರಬೇಕು, ಇಲ್ಲದಿದ್ದರೆ ಸೂಜಿಯನ್ನು ಹತ್ತಿರ ತರಲೂ ಬಿಡುತ್ತಿರಲಿಲ್ಲ. ನಾವೂ ಒಪ್ಪಿಕೊಂಡಿದ್ದೆವು.

ಎರಡು ಸಾವಿರದ ಇಪ್ಪತ್ತರ ಜುಲೈಯಲ್ಲಿ ವೆಂಕಟಮ್ಮನಿಗೆ ಕೊರೊನಾ ಬಂತು. ನಮ್ಮಲ್ಲೇ ಒಂಬತ್ತು ದಿನ ಮಲಗಿದ್ದಳು. ಜ್ವರ ಅಷ್ಟೇನಿರಲಿಲ್ಲ, ವಾಸನೆ ಹೋಗಿತ್ತು, ಮೈಕೈ ನೋವಿತ್ತು. ವಾಸಿಯಾಗಿ ಊರಿಗೆ ಹೋದರೆ ಡೈರಿಯಲ್ಲಿ ಅವರ ಹಾಲು ಹಾಕಿಸಿಕೊಳ್ಳಲಿಲ್ಲ. ಹಾಲಿಗೂ ಕಾಯಿಲೆಗೂ ಏನು ಸಂಬಂಧ ಎಂದು ಕೇಳಿದರೆ, "ನೆಗೆಟಿವ್ ಕಾಗದ ತಾ, ಆಮೇಲೆ ಕ್ಯಾನು ತಾ" ಅಂದರಂತೆ. ಆಗ ವಾಸಿಯಾದವರಿಗೆ ಮತ್ತೆ ಪರೀಕ್ಷೆ ಮಾಡುವ ಪದ್ಧತಿಯೇ ಇರಲಿಲ್ಲ. ಅವಳು ಬಿಡಬೇಕಲ್ಲ. ನಮ್ಮ ಲ್ಯಾಬಿನ ಬಸವಕಿರಣನ ಮುಂದೆ ಎರಡು ದಿನ ನಿಂತು ಪರೀಕ್ಷೆ ಮಾಡಿಸಿಕೊಂಡು, ಆಗಸ್ಟ್ ತಿಂಗಳ ನೆಗೆಟಿವ್ ವರದಿಯನ್ನು ಡೈರಿಯ ಮೇಜಿನ ಮೇಲೆ ಇಟ್ಟಳು. ಹಸುಗಳ ಮರ್ಯಾದೆ ಉಳಿಯಿತು.

ಇನ್ನು ನನ್ನ ತಪ್ಪು. ಆಗ ಯಾರನ್ನು ಎಲ್ಲಿ ಡ್ಯೂಟಿಗೆ ಹಾಕುವುದು ಎನ್ನುವುದೇ ದಿನಾ ಜಗಳ. ಮೇಲಿನ ಮಹಡಿಯಲ್ಲಿ ಆರು ಹಾಸಿಗೆಯ ಪಾಸಿಟಿವ್ ವಾರ್ಡ್ ಮಾಡಿದ್ದೆವು, ಅಲ್ಲಿಗೆ ಹೋಗಲು ಎಲ್ಲರಿಗೂ ಒಂದೊಂದು ನೆಪ. ನಾನು ಎರಡು ಪಟ್ಟಿ ಬರೆದು ನರ್ಸಿಂಗ್ ಕೋಣೆಯ ಗೋಡೆಗೆ ಅಂಟಿಸಿದೆ. ಒಂದು ಕೊರೊನಾ ಬಂದು ಹೋದವರದ್ದು, ಇನ್ನೊಂದು ಬರದೆ ಇರುವವರದ್ದು. ಬಂದು ಹೋದವರು ಮೇಲಕ್ಕೆ, ಉಳಿದವರು ಕೆಳಗೆ. ಊರ ಕಡೆ ಅಮ್ಮ ಒಂದು ಸಲ ಬಂದರೆ ಮತ್ತೆ ಬರುವುದಿಲ್ಲ ಅನ್ನುತ್ತಾರಲ್ಲ, ಸೀತಾಳೆ ಸಿಡುಬು ಎದ್ದ ಮಗುವನ್ನು ನೋಡಿಕೊಳ್ಳಲು ಒಮ್ಮೆ ಅದು ಬಂದು ಹೋದವರನ್ನೇ ಕೂರಿಸುತ್ತಾರಲ್ಲ, ಅದೇ ಲೆಕ್ಕ ನನ್ನದು. ಡಾಕ್ಟರರೂ ತಲೆಯಾಡಿಸಿದರು. ನನ್ನ ಹೆಸರು ಎರಡರಲ್ಲೂ ಇರಲಿಲ್ಲ. ನನಗೆ ಸಕ್ಕರೆ ಕಾಯಿಲೆ, ಆಗ ವಯಸ್ಸು ಐವತ್ತೆರಡು, ಮೇಲಕ್ಕೆ ಹೋಗಲೇಬಾರದು ಎಂದು ಅವರೇ ಹೇಳಿದ್ದರು.

ಮೊದಲ ಪಟ್ಟಿಯಲ್ಲಿ ಮೊದಲ ಹೆಸರು ಮುನಿವೆಂಕಟಮ್ಮ. ಆಮೇಲೆ ಎಂಟು ತಿಂಗಳು, ಎಲ್ಲಿ ಭಯವೋ ಅಲ್ಲಿ ಅವಳು. ಪಾಸಿಟಿವ್ ರೋಗಿ ವಾಂತಿ ಮಾಡಿದರೆ ವೆಂಕಟಮ್ಮ. ಹೆಣ ಕಟ್ಟಬೇಕಾದರೆ ವೆಂಕಟಮ್ಮ. "ಅವಳಿಗೆ ಆಗೋಗಿದೆ, ಅವಳು ಹೋಗ್ಲಿ ಬಿಡ್ರೀ" ಎನ್ನುವುದು ನಮ್ಮೆಲ್ಲರ ಬಾಯಿಪಾಠವಾಗಿತ್ತು. ತಾಯತ ಕಟ್ಟಿಸಿಕೊಂಡವಳ ಹಾಗೆ ಅವಳನ್ನು ನೋಡುತ್ತಿದ್ದೆವು. ಮಾರ್ಚ್ ಮೊದಲ ವಾರ ಒಂದು ಡೋಸ್ ಲಸಿಕೆಯೂ ಬಿತ್ತು. ಇನ್ನು ಕೇಳಬೇಕೇ, ಅವಳನ್ನು ಹೇಗೆ ಬೇಕಾದರೂ ಬಳಸಬಹುದು ಎಂದು ನನಗೆ ಪೂರಾ ಧೈರ್ಯ ಬಂದುಬಿಟ್ಟಿತು. ಅದೇ ತಿಂಗಳ ಕೊನೆಯ ಶುಕ್ರವಾರ ಡಯಾಲಿಸಿಸ್ ವಾರ್ಡಿಗೆ ಆಯಾ ಬರಲಿಲ್ಲ. ನಾನು ಮೇಲಿನ ಪಾಸಿಟಿವ್ ವಾರ್ಡಿನಿಂದ ವೆಂಕಟಮ್ಮನನ್ನು ಕರೆಸಿ, ಬಟ್ಟೆ ಬದಲಾಯಿಸಿ ಕೈ ತೊಳೆದುಕೊಂಡು ಕೆಳಗೆ ಹೋಗು ಎಂದೆ. ಹೋದಳು. ಹದಿನಾಲ್ಕು ಜನರನ್ನು ಎತ್ತಿ ಇಳಿಸಿ, ಬದರುನ್ನೀಸಾ ಅವರ ಕೈ ಹಿಡಿದು, ಸಂಜೆ ಮನೆಗೆ ಹೋದಳು.

ಸೋಮವಾರ ಬೆಳಗ್ಗೆ ಏಳೂಮುಕ್ಕಾಲಿಗೆ ವಾಚ್‌ಮನ್ ಬಂದು, ವೆಂಕಟಮ್ಮ ಆಂಬುಲೆನ್ಸ್ ಶೆಡ್ಡಿನಲ್ಲಿ ಕೂತಿದ್ದಾಳೆ, ಒಳಗೆ ಬರುತ್ತಿಲ್ಲ ಎಂದ. ಡಯಾಲಿಸಿಸ್‌ನವರು ಆಗಲೇ ಆಟೋಗಳಿಂದ ಇಳಿಯುತ್ತಿದ್ದರು. ನಾನು ದಡದಡ ಇಳಿದು ಹೋದೆ. ಅವಳು ಶೆಡ್ಡಿನ ಮೂಲೆಯಲ್ಲಿ ಒಂದರ ಮೇಲೊಂದು ಎರಡು ಮಾಸ್ಕ್ ಹಾಕಿಕೊಂಡು, ಸೆರಗನ್ನೂ ಅದರ ಮೇಲೆ ಹಿಡಿದುಕೊಂಡು ಕೂತಿದ್ದಳು.

"ಅಲ್ಲೇ ನಿಲ್ಲಿ ಸಿಸ್ಟರ್, ಅತ್ರ ಬರ್ಬೇಡಿ" ಎಂದಳು. "ನಂಗ್ ಮತ್ತೆ ಬಂದೈತೆ."

"ಏನ್ ಬಂದಿದೆ?"

"ಅದೇ. ಬಸ್ಸಲ್ಲಿ ನನ್ ಕಾಲ್ ಅತ್ರಾನೇ ಒಂದ್ ಮಂಕ್ರಿ ಕೊತ್ತಂಬ್ರಿ ಸೊಪ್ಪು ಇತ್ತು, ಯಲಹಂಕದ ಮಟ. ಒಂಚೂರೂ ವಾಸ್ನೆ ಬರ್ಲಿಲ್ಲ. ಬಗ್ಗಿ ಮೂಸಿದ್ರೂ ಬರ್ಲಿಲ್ಲ. ಓದ್ಸಲಾನೂ ಇಂಗೇ ಆಗಿದ್ದು."

ನನಗೆ ಪಿತ್ತ ನೆತ್ತಿಗೇರಿತು. ಇಬ್ಬರು ಆಯಾಗಳು ರಜೆ, ರೋಗಿಗಳು ಸಾಲಾಗಿ ಕೂತಿದ್ದಾರೆ, ಇವಳದ್ದೊಂದು ಕೊತ್ತಂಬರಿ ಕಥೆ. ಬಾಯಿಂದ ಗದಗು ಹೊರಬಿತ್ತು.

"ಏನವ್ವಾ, ತಲಿ ಗಿಲಿ ಕೆಟ್ಟೈತೇನು ನಿನಗ? ಒಂದ್ ಸಲ ಬಂದ್ ಹೋಗೈತಿ, ಮತ್ತ ಬರಂಗಿಲ್ಲ. ಕುಣಿಯಾಕ ಬರಲಾರ್ದಾಕಿ ಅಂಗಳ ಡೊಂಕು ಅಂದ್ಲಂತ. ಕೆಲಸ ಮಾಡಾಕ ಬ್ಯಾಸರಾ ಅಂದ್ರ ಹಂಗ ಹೇಳು."

ಕೆಲಸ ಮಾಡಲು ಬೇಸರವಂತೆ, ಮುನಿವೆಂಕಟಮ್ಮನಿಗೆ. ಆ ಮಾತು ಅಂದ ನಾಲಿಗೆ ಇದೇ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಬಸವಕಿರಣನನ್ನು ಕರೆಸಿ, ಹತ್ತು ನಿಮಿಷದಲ್ಲಿ ಉತ್ತರ ಕೊಡುವ ಆ ರ್ಯಾಪಿಡ್ ಪರೀಕ್ಷೆ ಮಾಡಿಸಿದೆ. ನೆಗೆಟಿವ್ ಬಂತು. ನಾನು ಗೆದ್ದವಳ ಹಾಗೆ ಅದನ್ನು ದೂರದಿಂದಲೇ ತೋರಿಸಿ, ಏಳು ಇನ್ನು, ಎಂದೆ.

"ಅದು ಸುಳ್ ಏಳ್ತೈತೆ ಸಿಸ್ಟರ್. ಆ ಪರೀಕ್ಷೇಲಿ ಇಲ್ಲ ಅಂದು, ದೊಡ್ಡ ಪರೀಕ್ಷೇಲಿ ಐತೆ ಅಂದೋರ್‌ನ ಮೇಲ್ಗಡೆ ನಾನೇ ಎಷ್ಟು ಜನಾನ ನೋಡಿಲ್ಲ?"

ಅಷ್ಟರಲ್ಲಿ ಬದರುನ್ನೀಸಾ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಅವರ ಅಳಿಯ ಶೆಡ್ಡಿನ ಮುಂದೆಯೇ ಬಂದ. ಆಕೆ ವೆಂಕಟಮ್ಮನನ್ನು ನೋಡಿ ಕೈ ಚಾಚಿದರು.

"ವೆಂಕಟಮ್ಮ, ಇಲ್ಲಿ ಯಾಕೆ ಕೂತಿದ್ದಿ? ಬಾ ಅಮ್ಮ, ಟೈಮ್ ಆಯ್ತು."

ವೆಂಕಟಮ್ಮ ಎದ್ದು ಎರಡು ಹೆಜ್ಜೆ ಹಿಂದೆ ಸರಿದಳು. ಹಿಂದೆ ಗೋಡೆ. ಇನ್ನು ಸರಿಯಲು ಜಾಗವಿಲ್ಲದೆ ಗೋಡೆಯ ಕಡೆಗೆ ಮುಖ ತಿರುಗಿಸಿ ನಿಂತಳು.

"ಅರೆ, ನನ್ನಿಂದ ಏನ್ ತಪ್ಪಾಯ್ತು? ಯಾಕ್ ಮುಖ ತಿರುಗಿಸ್ತೀಯಾ?" ಎಂದು ಬದರುನ್ನೀಸಾ ಕೇಳಿದರು. ಆಕೆಗೆ ನಿಜವಾಗಿಯೂ ಅವಮಾನವಾಗಿತ್ತು.

ವೆಂಕಟಮ್ಮನ ಭುಜ ಅಲುಗುತ್ತಿತ್ತು. ಅಳಿಯ ಕುರ್ಚಿ ತಳ್ಳಿಕೊಂಡು ಒಳಗೆ ಹೋದ. ಅವತ್ತು ಆಕೆಯ ಕೈಗೆ ಸೂಜಿ ಹಾಕಲು ಮೂವರು ಮುಕ್ಕಾಲು ಗಂಟೆ ಒದ್ದಾಡಿದರು.

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅಲ್ಲೇ ನಿಂತು ಕೊನೆಯ ಮಾತು ಅಂದೆ, "ನೋಡು ವೆಂಕಟಮ್ಮ, ಈಗ ಒಳಗೆ ಬರ್ಲಿಲ್ಲ ಅಂದ್ರೆ ನಾಳೆಯಿಂದ ಬರೋದೇ ಬೇಡ."

ಅವಳು ತಿರುಗಿದಳು. ಕಣ್ಣು ಕೆಂಪಗಿತ್ತು, ಧ್ವನಿ ಮಾತ್ರ ಗಟ್ಟಿಯಾಗಿತ್ತು.

"ಆಯ್ತು ಸಿಸ್ಟರ್. ನಾಳೆಯಿಂದ ಬರಲ್ಲ. ಇವತ್ತೂ ಒಳಿಕ್ ಬರಲ್ಲ. ಅವ್ರ್ ಮೈಯಾಗೆ ಏನೈತೆ ಸಿಸ್ಟರ್, ಬರೀ ಮೂಳೆ. ಅವ್ರಿಗ್ ಇದು ಬಂದ್ರೆ ಒಬ್ರೂ ಉಳಿಯಲ್ಲ. ನಿಮ್ಗೇ ಗೊತ್ತಲ್ಲ."

ಗೊತ್ತಿತ್ತು. ಹಿಂದಿನ ವರ್ಷ ಡಯಾಲಿಸಿಸ್‌ನವರಲ್ಲಿ ಮೂವರಿಗೆ ಬಂದು ಮೂವರೂ ಹೋಗಿದ್ದರು. ಹತ್ತೊಂಬತ್ತು ವರ್ಷದ ಕೆಲಸವನ್ನು ಚಪ್ಪಲಿ ಬಿಟ್ಟಷ್ಟು ಸಲೀಸಾಗಿ ಬಿಟ್ಟು ನಿಂತಿದ್ದವಳನ್ನು ನೋಡುತ್ತಾ ನಿಂತಾಗ, ಇವಳು ಹೇಳುತ್ತಿರುವುದು ನಿಜವಾಗಿದ್ದರೆ ಎಂಬ ಯೋಚನೆ ಅವತ್ತು ಮೊದಲ ಬಾರಿ ನನ್ನ ತಲೆಗೆ ಬಂತು. ಅದರ ಹಿಂದೆಯೇ ಶುಕ್ರವಾರ ನೆನಪಾಯಿತು. ಪಾಸಿಟಿವ್ ವಾರ್ಡಿನಿಂದ ಅವಳನ್ನು ನೇರವಾಗಿ ಆ ಹದಿನಾಲ್ಕು ಜನರ ಮಧ್ಯೆ ಕಳಿಸಿದವಳು ನಾನು. ಇವತ್ತು ಇವಳು ತಡೆದುಕೊಂಡಳು ಸರಿ, ಶುಕ್ರವಾರವೇ ಹರಡಿಬಿಟ್ಟಿದ್ದರೆ?

ಡಾಕ್ಟರ್ ವಿಶ್ವನಾಥರ ಕೋಣೆಗೆ ಹೋಗಿ, ಆರ್‌ಟಿ-ಪಿಸಿಆರ್ ಎನ್ನುವ ಆ ದೊಡ್ಡ ಪರೀಕ್ಷೆಗೆ ಬರೆದುಕೊಡಿ ಎಂದೆ. ಅವರು ಕೆಟ್ಟವರಲ್ಲ, ದಣಿದಿದ್ದರು.

"ಸಿಸ್ಟರ್, ಎರಡನೇ ಸಲ ಬರೋದು ಎಲ್ಲೋ ಲಕ್ಷಕ್ಕೊಬ್ರಿಗೆ. ಹಳೇ ವೈರಸ್ ಚೂರುಗಳು ಮೈಯಲ್ಲಿ ಉಳ್ಕೊಂಡಿರುತ್ತೆ, ಪಾಸಿಟಿವ್ ಅಂತಾನೇ ತೋರಿಸುತ್ತೆ. ಸುಮ್ನೆ ಎಲ್ರನ್ನೂ ಗಾಬರಿ ಮಾಡ್ಬೇಡಿ."

"ಲಕ್ಷಕ್ಕೊಬ್ಳು ನಮ್ಮ ಶೆಡ್ಡಲ್ಲೇ ಕೂತಿರಬಹುದಲ್ಲ ಸಾರ್" ಎಂದೆ. "ನೀವು ಬರ್ಕೊಡಿ. ಇಲ್ಲಾಂದ್ರೆ ಹೊರಗಿನ ಲ್ಯಾಬಿಗೆ ನಾನೇ ಕರ್ಕೊಂಡ್ ಹೋಗ್ತೀನಿ, ಯಾವ ಆಸ್ಪತ್ರೆಯವರು ಅಂತ ಕೇಳಿದ್ರೆ ಹೇಳ್ತೀನಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಮೇಲೆ ಬರೆದುಕೊಟ್ಟರು.

ಬಸವಕಿರಣ ಶೆಡ್ಡಿನಲ್ಲೇ ಮೂಗಿನ ದ್ರವ ತೆಗೆದ. ಬಸ್ಸಿನಲ್ಲಿ ಜನ ಇರುತ್ತಾರೆ, ಮನೆಗೂ ಹೋಗುವುದಿಲ್ಲ ಎಂದು ಅವಳು ಹಟ ಹಿಡಿದಳು. ಮೇಲಿನ ವಾರ್ಡಿನ ಪಕ್ಕದ ಸ್ಟೋರ್ ಕೋಣೆ ಖಾಲಿ ಮಾಡಿಸಿ ಅವಳಿಗೊಂದು ಮಂಚ ಹಾಕಿಸಿದೆ. ಮಂಗಳವಾರ ಮಧ್ಯಾಹ್ನ ವರದಿ ಬಂತು. ಪಾಸಿಟಿವ್. ಅಷ್ಟು ಹೊತ್ತಿಗೆ ಜ್ವರವೂ ಏರಿತ್ತು. ಸ್ಟೋರ್ ಕೋಣೆಯಿಂದ ಅವಳನ್ನು ಪಕ್ಕದ ಪಾಸಿಟಿವ್ ವಾರ್ಡಿಗೇ ಹಾಕಿದೆವು.

ಡಾಕ್ಟರು ವರದಿಯನ್ನು ಎರಡು ಸಲ ಓದಿದರು. ಎರಡು ಪಾಸಿಟಿವ್‌ಗಳ ನಡುವೆ ಮೂರು ತಿಂಗಳಿಗಿಂತ ಹೆಚ್ಚು ಅಂತರ ಇರಬೇಕು, ನಡುವೆ ಒಂದು ನೆಗೆಟಿವ್ ವರದಿಯೂ ಇರಬೇಕು, ಆಗ ಮಾತ್ರ ಇದು ಹೊಸ ಸೋಂಕು ಎನ್ನಬಹುದು ಎಂದರು. "ಅಂತರ ಇದೆ. ನೆಗೆಟಿವ್ ಎಲ್ಲಿಂದ ತರ್ತೀರಾ? ಆಗ ಯಾರಿಗೂ ಮಾಡ್ತಾ ಇರ್ಲಿಲ್ವಲ್ಲ."

"ಇವಳಿಗೆ ಮಾಡಿದೀವಿ ಸಾರ್" ಎಂದ ಬಸವಕಿರಣ. "ಡೈರಿಯವ್ರಿಗೆ ತೋರಿಸ್ಬೇಕು ಅಂತ ನನ್ನ ತಲೆ ತಿಂದಿದ್ಲು." ಕಂಪ್ಯೂಟರಿನಿಂದ ಆಗಸ್ಟ್ ತಿಂಗಳ ವರದಿ ತೆಗೆದುಕೊಟ್ಟ. ಡಾಕ್ಟರು ಜುಲೈನದು, ಆಗಸ್ಟ್‌ನದು, ಈಗಿನದು, ಮೂರು ಕಾಗದಗಳನ್ನೂ ಸಾಲಾಗಿ ಇಟ್ಟುಕೊಂಡು ಒಂದೊಂದರ ತಾರೀಖನ್ನೂ ಬೆರಳಿಟ್ಟು ನೋಡಿದರು. "ಮತ್ತೆ ಬಂದಿದೆ. ಅವಳು ಹೇಳಿದ್ದೇ ಸರಿ" ಎಂದರು. ನಾನು ನರ್ಸಿಂಗ್ ಕೋಣೆಗೆ ಹೋಗಿ ಗೋಡೆಯ ಮೇಲಿದ್ದ ಎರಡೂ ಪಟ್ಟಿಗಳನ್ನು ಕಿತ್ತು ಹರಿದು ಬುಟ್ಟಿಗೆ ಹಾಕಿದೆ. ಹುಡುಗಿಯರು ಯಾರೂ ಸನ್ನೆ ಮಾಡಿಕೊಳ್ಳಲಿಲ್ಲ.

ಬುಧವಾರ ಬೆಳಗ್ಗೆ ಹದಿನಾಲ್ಕು ಜನರನ್ನೂ ಒಬ್ಬೊಬ್ಬರನ್ನಾಗಿ ಕರೆದು ಪರೀಕ್ಷೆ ಮಾಡಿಸಿದೆವು. ಏಕೆಂದು ನಾನೇ ಹೇಳಿದೆ, ನನ್ನ ತಪ್ಪು ಎಂದೇ ಹೇಳಿದೆ. ಬದರುನ್ನೀಸಾ ಅವರು ಪೂರ್ತಿ ಕೇಳಿಸಿಕೊಂಡರು. "ಹಾಗಾದ್ರೆ ಅವಳು ಮುಖ ತಿರುಗಿಸಿದ್ದು ನನಗೋಸ್ಕರ" ಎಂದು ಮೆಲ್ಲಗೆ ಅಂದರು. ಅವತ್ತು ಸೂಜಿ ಹಾಕುವಾಗ ಕೈ ಹಿಡಿಯಲು ಯಾರನ್ನೂ ಕೇಳಲಿಲ್ಲ, ಕಣ್ಣು ಮುಚ್ಚಿಕೊಂಡು ಚುಚ್ಚಿಸಿಕೊಂಡರು.

ಆ ದಿನ ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಊಟ ಸೇರಲಿಲ್ಲ. ಹದಿನಾಲ್ಕು ಹೆಸರುಗಳನ್ನು ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡೆನೋ. ನಾಲ್ಕೂವರೆಗೆ ಬಸವಕಿರಣ ಫೋನ್ ಮಾಡಿದ. ಹದಿನಾಲ್ಕೂ ನೆಗೆಟಿವ್. ಶುಕ್ರವಾರ ಇಡೀ ದಿನ ಅವಳು ಮಾಸ್ಕ್ ಇಳಿಸಿರಲಿಲ್ಲ, ಸೋಮವಾರ ಒಳಗೆ ಬರಲಿಲ್ಲ, ಇಷ್ಟೇ ಅವರನ್ನು ಉಳಿಸಿದ್ದು.

ಈ ಸುದ್ದಿಯನ್ನು ಫೋನಿನಲ್ಲಿ ಹೇಳಲು ನನಗೆ ಮನಸ್ಸು ಬರಲಿಲ್ಲ. ಮೇಲಕ್ಕೆ ಹೋಗಿ ಪಿಪಿಇ ಉಡುಪು ತೊಟ್ಟೆ. ಎಂಟು ತಿಂಗಳು ದಿನಾ ಬೇರೆಯವರಿಗೆ ತೊಡಿಸಿ ಕಳಿಸಿದ್ದ ಉಡುಪು, ನಾನೇ ತೊಟ್ಟದ್ದು ಅದೇ ಮೊದಲು. ಬಾಗಿಲ ಹಿಡಿಯ ಮೇಲೆ ಕೈ ಇಟ್ಟಾಗ ಎದೆ ಹೇಗೆ ಹೊಡೆದುಕೊಂಡಿತೆಂದರೆ, ವಾಪಸು ಹೋಗಿಬಿಡಲೇ ಎನಿಸಿತು. ಆಮೇಲೆ ಬಾಗಿಲು ತೆಗೆದೆ.

ವೆಂಕಟಮ್ಮ ಗೋಡೆಗೆ ಒರಗಿ ಕೂತಿದ್ದಳು. ಮೂರು ದಿನಕ್ಕೇ ಮುಖ ಸೊರಗಿತ್ತು. ಆ ಉಡುಪಿನಲ್ಲಿ ನನ್ನ ಗುರುತು ಹತ್ತಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ನೀವ್ಯಾಕ್ ಬಂದ್ರಿ ಸಿಸ್ಟರ್? ಸಕ್ರೆ ಕಾಯ್ಲೆ ಇಟ್ಕೊಂಡು."

"ಹದಿನಾಲ್ಕೂ ನೆಗೆಟಿವ್ ವೆಂಕಟಮ್ಮ."

ಅವಳು ಎರಡೂ ಕೈ ಜೋಡಿಸಿ ಹಣೆಗೆ ಒತ್ತಿಕೊಂಡಳು. "ಬದ್ರುನ್ನೀಸಮ್ಮಾನೂ?"

"ಅವರೂ."

"ಸದ್ಯ. ಇನ್ನು ನಂಗ್ ಏನಾದ್ರೂ ಆಗ್ಲಿ ಬುಡಿ."

ನನ್ನ ಎದೆ ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು. ಅದಕ್ಕೇ ಕೇಳಿದೆನೋ ಏನೋ, ಇಲ್ಲದಿದ್ದರೆ ಅವತ್ತೂ ಕೇಳುತ್ತಿರಲಿಲ್ಲ.

"ಎಂಟು ತಿಂಗ್ಳು ಈ ಬಾಗ್ಲು ತೆಗೆದು ಒಳಗೆ ಬರುವಾಗ ನಿನಗೆ ಹೆದರಿಕೆ ಆಗ್ತಿರ್ಲಿಲ್ವಾ?"

"ದಿನಾ ಆಗ್ತಿತ್ತು" ಎಂದಳು ವೆಂಕಟಮ್ಮ. "ಬಾಗ್ಲ ಅತ್ರ ನಿಂತ್ಕೊಂಡು ನಮ್ಮನೆ ದೇವ್ರಿಗೆ ಕೈ ಮುಗುದು ಒಳಿಕ್ ಬರ್ತಿದ್ದೆ."

"ಹೇಳ್ಬಾರ್ದಿತ್ತೇನೇ ನನಗೆ?"

"ನೀವ್ ಕೇಳ್ಲಿಲ್ವಲ್ಲ ಸಿಸ್ಟರ್."

ಅವಳು ಅದನ್ನು ಆಕ್ಷೇಪಣೆಯ ದನಿಯಲ್ಲಿ ಹೇಳಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ನಾನು ಅವಳ ಮಂಚದ ಕಾಲ್ದೆಸೆಯಲ್ಲಿ ಕುಸಿದು ಕೂತೆ. ಅಳು ಬಂತು, ತಡೆಯಲಿಲ್ಲ. ಕಣ್ಣಿಗೆ ಹಾಕಿಕೊಂಡಿದ್ದ ಪ್ಲಾಸ್ಟಿಕ್ ಕನ್ನಡಕದೊಳಗೆ ನೀರು ತುಂಬಿ ಏನೂ ಕಾಣದಾಯಿತು. ಅದನ್ನು ಸರಿಸಿ ಒರೆಸಿಕೊಳ್ಳಲು ಕೈ ಎತ್ತಿದೆ.

ವೆಂಕಟಮ್ಮ ನನ್ನ ಮಣಿಕಟ್ಟು ಹಿಡಿದು ಕೈಯನ್ನು ಕೆಳಕ್ಕೆ ಇಳಿಸಿದಳು.

"ಮುಖ ಮುಟ್ಕೋಬೇಡಿ ಸಿಸ್ಟರ್" ಎಂದಳು. "ಆಚೆ ಓಗಿ, ಇದೆಲ್ಲಾ ಬಿಚ್ಚಾಕಿ, ಸೋಪಾಕಿ ಕೈ ತೊಳ್ಕೊಂಡು, ಆಮೇಲ್ ಅಳಿ."